ರಾಜ್ಯಶಾಸ್ತ್ರದ ಮಹಾಪ್ರಬಂಧಗಳು ಮತ್ತು ಮಾರ್ಗದರ್ಶಕರ ಹೊಣೆ

ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ನಮ್ಮ ನಾಡಿನ ವಿಶ್ವವಿದ್ಯಾಲಯಗಳಲ್ಲಿ ಸಿದ್ಧವಾಗುತ್ತಿರುವ ಮಹಾಪ್ರಬಂಧಗಳನ್ನು ಓದುವ ಸಂದರ್ಭ ನಮಗೆ ಆಗಾಗ ಒದಗುತ್ತದೆ. ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಕಲಿತವರಲ್ಲಿ ಹಲವರು ಇಂದು ಕಾಲೇಜುಗಳಲ್ಲಿ ಅಧ್ಯಾಪಕರಾಗಿದ್ದಾರೆ. ಕೆಲವರು ಸಂಶೋಧನೆಗೆ ಮಾರ್ಗದರ್ಶಕರೂ ಆಗಿದ್ದಾರೆ. ಅವರು ಭಕ್ತಿಯಿಂದ ತಂದೊಪ್ಪಿಸಿದ ಪ್ರತಿಗಳು ನಮ್ಮ ಗ್ರಂಥಾಲಯದಲ್ಲಿವೆ. ಅವಲ್ಲದೆ ದೇಶದ ಮಹಾಪ್ರಬಂಧಗಳನ್ನು ಒಂದೆಡೆ ಸಂಗ್ರಹಿಸುವ ಶೋಧಗಂಗಾ ಎಂಬ ಗಣಕಭಂಡಾರವೂ ಇಂದು ಎಲ್ಲರಿಗೂ ತೆರೆದಿದೆ. ಈ ಓದಿನಿಂದ ನಮಗುಂಟಾದ ಅಭಿಪ್ರಾಯವನ್ನು ಮರೆಮಾಚದೆ ಹೇಳುವುದು ಈ ಲೇಖನದ ಉದ್ದೇಶ. ಯಾವ ವ್ಯಕ್ತಿಯ ಹೆಸರನ್ನಾಗಲಿ ಯಾವ ವಿಶ್ವವಿದ್ಯಾಲಯದ ಹೆಸರನ್ನಾಗಲಿ ಇಲ್ಲಿ ಎತ್ತಿಕೊಳ್ಳುವುದಿಲ್ಲ. ದೋಷ ಎಲ್ಲೆಡೆಯೂ ಒಂದೇ ಬಗೆಯದಾಗಿರುವಾಗ ಒಬ್ಬಿಬ್ಬರನ್ನು ಹೆಸರಿಸಿ ನೋಯಿಸುವುದು ನ್ಯಾಯವಲ್ಲ.

ಇಂತಹ ಪ್ರಬಂಧಗಳಲ್ಲಿ ಒಂದನ್ನು ಓದಿದರೆ ಹತ್ತನ್ನು ಓದಿದಂತೆಯೇ. ಶೀರ್ಷಿಕೆಯಲ್ಲಿ ಒಂದು ಜಿಲ್ಲೆಯ ಹೆಸರು, ಒಂದು ಸರ್ಕಾರಿ ಯೋಜನೆಯ ಹೆಸರು, ಕೊನೆಗೆ 'ಒಂದು ಅಧ್ಯಯನ' ಎಂಬ ಎರಡು ಪದಗಳು. ಮೊದಲನೆಯ ಅಧ್ಯಾಯದಲ್ಲಿ ಪ್ರಜಾಪ್ರಭುತ್ವದ ಮಹಿಮೆ. ಎರಡನೆಯದರಲ್ಲಿ ಹಿಂದಿನ ಗ್ರಂಥಗಳ ಪರಾಮರ್ಶೆ ಎಂಬ ಹೆಸರಿನಲ್ಲಿ, ಒಂದೊಂದು ಗ್ರಂಥಕ್ಕೆ ನಾಲ್ಕು ನಾಲ್ಕು ಸಾಲಿನಂತೆ, ಒಂದಕ್ಕೊಂದು ಸಂಬಂಧವಿಲ್ಲದ ಟಿಪ್ಪಣಿಗಳ ಸಾಲು. ಮೂರನೆಯದು ಜಿಲ್ಲೆಯ ಪರಿಚಯ: ಅಕ್ಷಾಂಶ, ರೇಖಾಂಶ, ಮಣ್ಣಿನ ಗುಣ, ನದಿಗಳು, ಬೆಟ್ಟಗಳು, ಪ್ರೇಕ್ಷಣೀಯ ಸ್ಥಳಗಳು. ಗ್ರಾಮ ಪಂಚಾಯತಿಯ ಮಹಿಳಾ ಸದಸ್ಯೆಯರ ಅಧಿಕಾರವನ್ನು ಕುರಿತ ಪ್ರಬಂಧದಲ್ಲಿ ಆ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆಯ ಪ್ರಮಾಣ ಯಾತಕ್ಕೆ ಬಂದಿತೆಂದು ಮಾರ್ಗದರ್ಶಕರು ಒಮ್ಮೆಯೂ ಕೇಳಿದಂತೆ ತೋರುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಪ್ರಶ್ನಾವಳಿಯಿಂದ ದೊರೆತ ಉತ್ತರಗಳ ಕೋಷ್ಟಕಗಳು. ಪ್ರತಿಯೊಂದು ಕೋಷ್ಟಕದ ಕೆಳಗೆ, ಅದರಲ್ಲಿರುವ ಅಂಕಿಗಳನ್ನೇ ಅಕ್ಷರಗಳಲ್ಲಿ ಮತ್ತೊಮ್ಮೆ ಹೇಳುವ ಒಂದು ಕಂಡಿಕೆ. ಕೊನೆಯಲ್ಲಿ ಸಲಹೆಗಳು: ಜನರಲ್ಲಿ ಜಾಗೃತಿ ಮೂಡಿಸಬೇಕು, ಸದಸ್ಯರಿಗೆ ತರಬೇತಿ ನೀಡಬೇಕು, ಸರ್ಕಾರವು ಸೂಕ್ತ ಕ್ರಮ ಕೈಗೊಳ್ಳಬೇಕು. ಈ ಸಲಹೆಗಳನ್ನು ಬರೆಯಲು ಹಳ್ಳಿಗೆ ಹೋಗಬೇಕಾಗಿರಲಿಲ್ಲ. ಸಂಶೋಧನೆಯ ಮೊದಲ ದಿನವೇ ಬರೆದಿಡಬಹುದಾಗಿತ್ತು.

ಇದರಲ್ಲಿ ಶ್ರಮವಿಲ್ಲವೆಂದು ನಾವು ಹೇಳುವುದಿಲ್ಲ. ಬಿಸಿಲಿನಲ್ಲಿ ಬಸ್ಸು ಹಿಡಿದು ಊರೂರು ತಿರುಗಿ, ಮುನ್ನೂರು ಜನರನ್ನು ಮಾತನಾಡಿಸಿ, ಅವರ ಉತ್ತರಗಳನ್ನು ತುಂಬಿಸಿ ತಂದವನ ಶ್ರಮ ಸಾಮಾನ್ಯವಾದುದಲ್ಲ. ಇಷ್ಟೆಲ್ಲ ಶ್ರಮದ ಮೂಲದಲ್ಲಿ ಇರಬೇಕಾದ ಪ್ರಶ್ನೆಯೇ ಇಲ್ಲದಿರುವುದು ನಮ್ಮ ಆಕ್ಷೇಪ. 'ಮಹಿಳಾ ಸದಸ್ಯೆಯರ ಪಾತ್ರ' ಎಂಬುದು ಒಂದು ವಿಷಯ, ಅದು ಪ್ರಶ್ನೆಯಲ್ಲ. ಹೌದು ಎಂದಾಗಲಿ ಅಲ್ಲ ಎಂದಾಗಲಿ ಉತ್ತರ ಬರಬಹುದಾದ, ಯಾವ ಉತ್ತರ ಬಂದೀತೆಂದು ಸಂಶೋಧಕನಿಗೆ ಮೊದಲೇ ತಿಳಿಯದ ಒಂದು ಸಂದೇಹ ಅಲ್ಲಿರಬೇಕು.

ನಮ್ಮ ಶಾಸ್ತ್ರಗ್ರಂಥಗಳನ್ನು ಸಾಂಪ್ರದಾಯಿಕವಾಗಿ ಓದಿದವರಿಗೆ ಈ ಮಾತು ಹೊಸದಲ್ಲ. ಒಂದು ಅಧಿಕರಣವೆಂದರೆ ಅದಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ವಿಷಯವನ್ನು ಹೇಳಿದ ಮರುಕ್ಷಣವೇ ಸಂಶಯವನ್ನು ಹೇಳಬೇಕು. ಸಂಶಯವಿಲ್ಲದ ವಿಷಯಕ್ಕೆ ವಿಚಾರದ ಅಗತ್ಯವೇ ಇಲ್ಲವೆಂಬುದು ಶಾಸ್ತ್ರಕಾರರ ನಿಲುವು. ಆಮೇಲೆ ಎದುರಾಳಿಯ ವಾದವನ್ನು, ಅವನೇ ಎದ್ದು ನಿಂತು ಹೇಳಿದ್ದರೆ ಎಷ್ಟು ಬಲವಾಗಿ ಹೇಳುತ್ತಿದ್ದನೋ ಅಷ್ಟೇ ಬಲವಾಗಿ ನಿರೂಪಿಸಬೇಕು. ಅನಂತರವೇ ತನ್ನ ಸಿದ್ಧಾಂತ. ಪಾಠಶಾಲೆಯಲ್ಲಿ ಹದಿನಾರು ವರ್ಷದ ಹುಡುಗನಿಂದ ನಿರೀಕ್ಷಿಸುತ್ತಿದ್ದ ಈ ಶಿಸ್ತನ್ನು ಮೂವತ್ತು ವರ್ಷದ ಸಂಶೋಧನಾರ್ಥಿಯಿಂದ ನಮ್ಮ ಮಾರ್ಗದರ್ಶಕರು ನಿರೀಕ್ಷಿಸುತ್ತಿಲ್ಲ. ನಾವು ಓದಿದ ಪ್ರಬಂಧಗಳಲ್ಲಿ ವಿಷಯವಿದೆ, ಸಿದ್ಧಾಂತವೂ ಇದೆ; ನಡುವಿನ ಎರಡು ಅಂಗಗಳು ಮಾತ್ರ ಕಾಣೆಯಾಗಿವೆ. (ಐದನೆಯದಾದ ಸಂಗತಿಯನ್ನು ಕೇಳುವುದೇ ಬೇಡ; ಒಂದು ಅಧ್ಯಾಯಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವೆಂದರೆ ಒಂದೇ ರಟ್ಟಿನೊಳಗೆ ಇರುವುದು.)

ಮಾರ್ಗದರ್ಶಕನ ಒಂದು ಪ್ರಶ್ನೆ ಏನನ್ನು ಮಾಡಬಲ್ಲುದೆಂಬುದಕ್ಕೆ ನಮ್ಮ ನಾಡಿನವರೇ ಆದ ಎಂ. ಎನ್. ಶ್ರೀನಿವಾಸರ ವಿದ್ಯಾರ್ಥಿಜೀವನದಲ್ಲಿ ಒಳ್ಳೆಯ ನಿದರ್ಶನವಿದೆ. ಅವರು ಸಮಾಜಶಾಸ್ತ್ರಜ್ಞರು, ಆದರೂ ರಾಜ್ಯಶಾಸ್ತ್ರದವರು ಅವರಿಗೆ ಸಾಲಗಾರರು. ಇಂದು ಪತ್ರಿಕೆಗಳಲ್ಲಿ ದಿನನಿತ್ಯ ಕಾಣುವ 'ವೋಟ್ ಬ್ಯಾಂಕ್' ಎಂಬ ಮಾತು, ಪ್ರಬಲ ಜಾತಿ ಎಂಬ ಪರಿಕಲ್ಪನೆ, ಎರಡೂ ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ಅವರು ೧೯೪೮ರಲ್ಲಿ ನಡೆಸಿದ ಕ್ಷೇತ್ರಕಾರ್ಯದ ಫಲವಾಗಿ ೧೯೫೦ರ ದಶಕದ ಅವರ ಲೇಖನಗಳಿಂದ ಪ್ರಚಾರಕ್ಕೆ ಬಂದವು. ಅದಕ್ಕೂ ಮೊದಲು ಅವರು ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಕೈಕೆಳಗೆ ಕೊಡವರನ್ನು ಕುರಿತು ಎರಡು ಸಂಪುಟಗಳ ದೊಡ್ಡ ಮಹಾಪ್ರಬಂಧವನ್ನು ಬರೆದಿದ್ದರು. ಅದರಲ್ಲಿ ಆಚಾರ, ಹಾಡು, ಹಬ್ಬ, ಮನೆತನ, ಎಲ್ಲದರ ವಿವರಗಳೂ ತುಂಬಿದ್ದವು. ಆಕ್ಸ್‌ಫರ್ಡಿಗೆ ಹೋದಾಗ ಅಲ್ಲಿ ಮಾರ್ಗದರ್ಶಕರಾಗಿದ್ದ ರ‍್ಯಾಡ್‌ಕ್ಲಿಫ್ ಬ್ರೌನ್ ಅವರು ಹೊಸ ವಿಷಯವನ್ನು ಕೊಡಲಿಲ್ಲ; ಇದೇ ಸಾಮಗ್ರಿಯನ್ನು ಮತ್ತೆ ನೋಡಿ, ಕೊಡವರ ಧರ್ಮಾಚರಣೆಗೂ ಅವರ ಸಮಾಜರಚನೆಗೂ ಏನು ಸಂಬಂಧವೆಂದು ವಿಚಾರಿಸಲು ಸೂಚಿಸಿದರು. ಅವರು ನಿವೃತ್ತರಾದ ಮೇಲೆ ಇವಾನ್ಸ್ ಪ್ರಿಚರ್ಡ್ ಅವರು ಆ ಕೆಲಸವನ್ನು ಮುಂದುವರಿಸಿದರು. ೧೯೫೨ರಲ್ಲಿ ಪ್ರಕಟವಾದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥ ಹೀಗೆ ಹುಟ್ಟಿತು. ಸಂಸ್ಕೃತೀಕರಣವೆಂಬ ವಿಚಾರವು ವಿದ್ವಾಂಸರ ಗಮನಕ್ಕೆ ಬಂದುದು ಅದರಿಂದಲೇ. ಸಾಮಗ್ರಿ ಹಳೆಯದು, ಸಂಶೋಧಕನೂ ಅವನೇ. ಹೊಸದಾಗಿ ಬಂದದ್ದು ಒಂದು ಪ್ರಶ್ನೆ ಮಾತ್ರ. ಅದನ್ನು ಕೊಟ್ಟವರು ಮಾರ್ಗದರ್ಶಕರು.

ಇನ್ನು ನಮ್ಮ ರಾಜ್ಯಶಾಸ್ತ್ರದ ಸಂಶೋಧನಾರ್ಥಿಗಳಿಗೆ ಬಲು ಪ್ರಿಯವಾದ ವಿಷಯಕ್ಕೆ ಬರೋಣ. ಅದು ಪಂಚಾಯತ್ ರಾಜ್ಯ ಮತ್ತು ಮಹಿಳೆ. ಪ್ರಿಯವಾಗಿರುವುದು ಸಹಜವೂ ಹೌದು. ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ ೧೯೮೩ರ ಕಾಯಿದೆಯ ಪ್ರಕಾರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ೧೯೮೭ರಲ್ಲಿ ಚುನಾವಣೆ ನಡೆದು, ಮಹಿಳೆಯರಿಗೆ ಶೇಕಡಾ ೨೫ ಸ್ಥಾನಗಳು ದೊರೆತವು. ಸಂವಿಧಾನದ ೭೩ನೆಯ ತಿದ್ದುಪಡಿ ಜಾರಿಗೆ ಬಂದದ್ದು ಆರು ವರ್ಷಗಳ ತರುವಾಯ, ೧೯೯೩ರಲ್ಲಿ. ೨೦೧೦ರಲ್ಲಿ ನಮ್ಮ ರಾಜ್ಯವು ಈ ಪಾಲನ್ನು ಅರ್ಧಕ್ಕೆ ಏರಿಸಿತು. ಹೀಗೆ ದೇಶಕ್ಕೆ ಮೇಲ್ಪಂಕ್ತಿಯಾದ ನಾಡಿನಲ್ಲಿ ಈ ವಿಷಯವನ್ನು ಕುರಿತು ಬರೆದ ಪ್ರಬಂಧಗಳು ಏನನ್ನು ಹೇಳುತ್ತವೆ? ಹೆಂಡತಿ ಅಧ್ಯಕ್ಷೆ, ಅಧಿಕಾರ ಗಂಡನದು. ಇದು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಚಹದಂಗಡಿಯಲ್ಲಿ ಕುಳಿತವರೆಲ್ಲ ಬಲ್ಲ ಈ ಮಾತಿಗೆ ಡಾಕ್ಟರೇಟ್ ಏಕೆ?

ಇದೇ ವಿಷಯವನ್ನು ಪ್ರಶ್ನೆಯಾಗಿ ತಿರುಗಿಸಿದವರು ಬೇರೆ ಕಡೆ ಇದ್ದಾರೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಇಬ್ಬರೂ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನಗಳ ೨೬೫ ಪಂಚಾಯತಿಗಳನ್ನು ಆರಿಸಿಕೊಂಡು, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಊರಿನಲ್ಲಿ ಹಣ ಖರ್ಚಾಗುವ ರೀತಿ ಬೇರೆಯಾಗುತ್ತದೆಯೇ ಎಂದು ಕೇಳಿದರು. ಸರದಿಯ ಪ್ರಕಾರ ಮೀಸಲಾತಿ ಯಾವ ಊರಿಗೆ ಬರುತ್ತದೆಂಬುದು ಆ ಊರಿನ ಗುಣಾವಗುಣಗಳನ್ನು ಅವಲಂಬಿಸಿಲ್ಲ, ಚೀಟಿ ಎತ್ತಿದಂತೆ. ಆದ್ದರಿಂದ ಎರಡು ಬಗೆಯ ಊರುಗಳನ್ನು ಹೋಲಿಸಿದಾಗ ಕಾಣುವ ವ್ಯತ್ಯಾಸಕ್ಕೆ ಮೀಸಲಾತಿಯೇ ಕಾರಣವೆಂದು ಹೇಳಬಹುದು. ಮಹಿಳೆಯರಿಗೆ ಹೆಚ್ಚು ಅಗತ್ಯವಾದ ಕುಡಿಯುವ ನೀರಿನಂತಹ ಕೆಲಸಗಳಿಗೆ ಅಂತಹ ಪಂಚಾಯತಿಗಳು ಹೆಚ್ಚು ಹಣ ತೊಡಗಿಸಿದುದನ್ನು ಅವರು ೨೦೦೪ರಲ್ಲಿ ತೋರಿಸಿದರು. ರಿಖಿಲ್ ಭಾವನಾನಿ ಎಂಬ ವಿದ್ವಾಂಸರು ಮುಂಬಯಿ ಮಹಾನಗರಪಾಲಿಕೆಯ ಚುನಾವಣೆಗಳನ್ನು ಪರಿಶೀಲಿಸಿ, ಮೀಸಲಾತಿ ತೆಗೆದ ಮೇಲೆ ಆ ವಾರ್ಡಿನಲ್ಲಿ ಮಹಿಳೆ ಗೆಲ್ಲುವ ಸಂಭವವೇನು ಎಂದು ಕೇಳಿದರು. ಮೊದಲು ಮೀಸಲಾಗಿದ್ದ ವಾರ್ಡುಗಳಲ್ಲಿ ಆ ಸಂಭವ ಇತರ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಹೆಚ್ಚಾಗಿತ್ತು ಎಂಬುದು ೨೦೦೯ರಲ್ಲಿ ಪ್ರಕಟವಾದ ಅವರ ಲೇಖನದ ಉತ್ತರ. ಗಂಡನೇ ಆಳುತ್ತಾನೆಂಬ ಮಾತನ್ನಷ್ಟೇ ಹೇಳಿ ನಿಲ್ಲಿಸುವವನಿಗೆ ಈ ಎರಡು ಉತ್ತರಗಳೂ ಬಲವಾದ ಪೂರ್ವಪಕ್ಷ. ಅವನ್ನು ಎದುರಿಸದೆ ಅವನು ಮುಂದೆ ಹೋಗುವಂತಿಲ್ಲ. ನಮ್ಮವರು ಮಾತ್ರ ಅವನ್ನು ಓದದೆಯೇ ಹೋಗುತ್ತಾರೆ.

ನಮ್ಮ ಮನೆಬಾಗಿಲಿನ ಉದಾಹರಣೆಯೂ ಇದೆ. ಥಾಡ್ ಡನ್ನಿಂಗ್ ಮತ್ತು ಜಾಹ್ನವಿ ನಿಲೇಕಣಿ ಅವರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರ್ನಾಟಕದ ಗ್ರಾಮ ಪಂಚಾಯತಿಗಳೂ ಸೇರಿವೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಅಧ್ಯಕ್ಷ ಸ್ಥಾನವನ್ನು ಹಂಚುವ ಸರದಿಯ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು, ಮೀಸಲಾತಿಯಿಂದ ಆ ವರ್ಗದವರಿಗೆ ಸೌಲಭ್ಯಗಳು ಹೆಚ್ಚಾಗಿ ದೊರೆಯುತ್ತವೆಯೇ ಎಂದು ಅವರು ಪರೀಕ್ಷಿಸಿದರು. ದೊರೆತ ಉತ್ತರ ಉತ್ಸಾಹದಾಯಕವಲ್ಲ: ಪರಿಣಾಮ ಅತ್ಯಲ್ಪ, ಸೌಲಭ್ಯಗಳ ಹಂಚಿಕೆಯಲ್ಲಿ ಜಾತಿಗಿಂತ ಪಕ್ಷದ ನಂಟು ಹೆಚ್ಚು ಕೆಲಸ ಮಾಡುತ್ತದೆ. ಈಗ ಗಮನಿಸಬೇಕಾದ ಸಂಗತಿ ಇದು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿ ಚುನಾವಣೆ ಕಾಯಿದೆಯ ಪ್ರಕಾರ ಪಕ್ಷರಹಿತವಾದುದು. ಪಕ್ಷದ ಚಿಹ್ನೆಯನ್ನು ಅಲ್ಲಿ ಬಳಸುವಂತಿಲ್ಲ. ಹಾಗಾದರೆ ಇಲ್ಲದ ಪಕ್ಷ ಅಲ್ಲಿ ಕೆಲಸ ಮಾಡುವುದು ಹೇಗೆ? ಯಾರ ಮೂಲಕ? ಶಾಸಕರ ಮನೆಗೆ ಯಾರು ಹೋಗುತ್ತಾರೆ, ಮನೆ ಹಂಚಿಕೆಯ ಪಟ್ಟಿಯನ್ನು ಯಾರ ಜಗಲಿಯ ಮೇಲೆ ಕುಳಿತು ಬರೆಯುತ್ತಾರೆ? ಈ ಪ್ರಶ್ನೆಗೆ ಅಂಕಿಸಂಖ್ಯೆಗಳಿಂದ ಉತ್ತರ ಸಿಗುವುದಿಲ್ಲ. ಆ ಊರಿನಲ್ಲಿ ಹುಟ್ಟಿ ಬೆಳೆದವನು, ಆ ಜಗಲಿಯನ್ನು ಬಲ್ಲವನು ಅದನ್ನು ವಿಚಾರಿಸಬೇಕು. ಅಂಥವನು ನಮ್ಮ ವಿಶ್ವವಿದ್ಯಾಲಯದ ಸಂಶೋಧನಾರ್ಥಿಯೇ. ಆದರೆ ಅವನನ್ನು ನಾವು ಜಿಲ್ಲೆಯ ಅಕ್ಷಾಂಶ ರೇಖಾಂಶಗಳನ್ನು ಬರೆಯಲು ಕೂರಿಸಿದ್ದೇವೆ.

ಇಲ್ಲಿ ಭಾಷೆಯ ಮಾತು ಬರುತ್ತದೆ. ಬಹುಮಂದಿ ಸಂಶೋಧನಾರ್ಥಿಗಳು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಪ್ರಬಂಧವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಬೇಕೆಂದು ಕೆಲವೆಡೆ ಮಾರ್ಗದರ್ಶಕರು ಒತ್ತಾಯಿಸುತ್ತಾರೆ. ಕೆಲವೆಡೆ ಉದ್ಯೋಗದ ಆಸೆಯಿಂದ ವಿದ್ಯಾರ್ಥಿಯೇ ಅದನ್ನು ಬಯಸುತ್ತಾನೆ. ಪರಿಣಾಮವಾಗಿ ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ, ಕನ್ನಡದಲ್ಲಿ ಕೇಳಲ್ಪಡುತ್ತದೆ, ಉತ್ತರ ಮತ್ತೆ ಇಂಗ್ಲಿಷಿಗೆ ಹೋಗುತ್ತದೆ. ಈ ಎರಡು ಪ್ರಯಾಣಗಳಲ್ಲಿ ಏನು ಕಳೆದುಹೋಗುತ್ತದೆಂಬುದಕ್ಕೆ ಒಂದೇ ಶಬ್ದ ಸಾಕು. ಹಳ್ಳಿಯಲ್ಲಿ 'ಅವರ ಪಾರ್ಟಿ', 'ನಮ್ಮ ಪಾರ್ಟಿ' ಎಂದರೆ ಬಹಳ ಸಲ ಕಾಂಗ್ರೆಸ್ಸೋ ಜನತಾದಳವೋ ಭಾರತೀಯ ಜನತಾ ಪಕ್ಷವೋ ಅಲ್ಲ. ಊರಿನ ಎರಡು ಮನೆತನಗಳ ಸುತ್ತ ಕಟ್ಟಿಕೊಂಡ ಗುಂಪುಗಳು. ಒಂದೇ ರಾಜಕೀಯ ಪಕ್ಷದೊಳಗೆ ಎರಡು ಪಾರ್ಟಿಗಳಿರಬಹುದು. 'ನೀವು ಯಾವ ಪಾರ್ಟಿ?' ಎಂದು ಕೇಳಿ, ಬಂದ ಉತ್ತರವನ್ನು ರಾಜಕೀಯ ಪಕ್ಷವೆಂದು ಕೋಷ್ಟಕಕ್ಕೆ ಇಳಿಸಿದರೆ ಆ ಕೋಷ್ಟಕಕ್ಕೆ ಅರ್ಥವೇ ಉಳಿಯುವುದಿಲ್ಲ. ಹಳ್ಳಿಯ ಹುಡುಗನಿಗೆ ಈ ಭೇದ ಚೆನ್ನಾಗಿ ಗೊತ್ತು. ಗೊತ್ತಿದ್ದುದನ್ನು ಬರೆಯುವ ಧೈರ್ಯ ಅವನಿಗಿಲ್ಲ, ಏಕೆಂದರೆ ಅದು ಪಠ್ಯಪುಸ್ತಕದಲ್ಲಿಲ್ಲ.

ತನ್ನದಲ್ಲದ ಭಾಷೆಯಲ್ಲಿ ಇನ್ನೂರೈವತ್ತು ಪುಟಗಳನ್ನು ತುಂಬಬೇಕಾದವನು ಬೇರೆಯವರ ಪುಟಗಳನ್ನು ಎತ್ತಿಕೊಳ್ಳುವುದು ಆಶ್ಚರ್ಯವಲ್ಲ. ಇದನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೮ರಲ್ಲಿ ಕೃತಿಚೌರ್ಯದ ನಿಯಮಗಳನ್ನು ಹೊರಡಿಸಿತು. ಹೋಲಿಕೆ ಶೇಕಡಾ ೧೦ರವರೆಗೆ ಇದ್ದರೆ ದಂಡವಿಲ್ಲ. ೧೦ರಿಂದ ೪೦ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು. ೪೦ರಿಂದ ೬೦ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ. ೬೦ನ್ನು ಮೀರಿದರೆ ನೋಂದಣಿಯೇ ರದ್ದು. ನಿಯಮ ಸರಿಯಾದುದೇ. ಆದರೆ ಅಳೆಯುವ ಯಂತ್ರವು ಪದಗಳನ್ನು ಮಾತ್ರ ನೋಡುತ್ತದೆ. ಪದಗಳನ್ನು ಬದಲಿಸಿ ವಿಚಾರವನ್ನು ಹಾಗೆಯೇ ಇಟ್ಟರೆ, ಅಥವಾ ಇಂಗ್ಲಿಷ್ ಗ್ರಂಥವನ್ನು ಕನ್ನಡಕ್ಕೆ ಇಳಿಸಿಬಿಟ್ಟರೆ, ಯಂತ್ರ ಅದನ್ನು ಬಹಳ ಸಲ ಬಿಟ್ಟುಬಿಡುತ್ತದೆ. ಶೇಕಡಾ ೯ ಎಂಬ ಪ್ರಮಾಣಪತ್ರವನ್ನು ಪ್ರಬಂಧದ ಕೊನೆಗೆ ಲಗತ್ತಿಸಿ, ಇದು ನನ್ನದು ಎಂದು ಹೇಳಿಕೊಳ್ಳುವ ಕಾಲ ಬಂದಿದೆ. ಕಳ್ಳತನವನ್ನು ಕಂಡುಹಿಡಿಯಬೇಕಾದ ಮೊದಲ ಕಣ್ಣು ಮಾರ್ಗದರ್ಶಕನದು. ತನ್ನ ವಿದ್ಯಾರ್ಥಿ ಹೇಗೆ ಮಾತನಾಡುತ್ತಾನೆ, ಹೇಗೆ ಬರೆಯುತ್ತಾನೆಂದು ಬಲ್ಲವನಿಗೆ ಒಂದು ಪುಟ ಓದಿದರೆ ಸಾಕು. ಓದಬೇಕಷ್ಟೆ.

ಕನ್ನಡದಲ್ಲಿ ಬರೆದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ನಾವು ಭಾವಿಸಿಲ್ಲ. ಕನ್ನಡದ ಪ್ರಬಂಧಗಳಲ್ಲಿಯೂ ನಿಘಂಟಿನಿಂದ ಆಯ್ದ ಪಾರಿಭಾಷಿಕ ಪದಗಳ ದಟ್ಟಣೆಯೊಳಗೆ ಅರ್ಥ ಉಸಿರುಗಟ್ಟಿರುವುದುಂಟು. ಶಾಸ್ತ್ರದ ಹೆಸರಿನ ವಿಷಯದಲ್ಲಿಯೇ ಒಮ್ಮತವಿಲ್ಲ. ಒಬ್ಬರಿಗೆ ರಾಜ್ಯಶಾಸ್ತ್ರ, ಮತ್ತೊಬ್ಬರಿಗೆ ರಾಜಕೀಯ ವಿಜ್ಞಾನ. ಆದರೂ ಕನ್ನಡದಲ್ಲಿ ಬರೆದವನನ್ನು 'ಇದರ ಅರ್ಥವೇನಪ್ಪಾ?' ಎಂದು ಕೇಳಿದರೆ ಅವನು ಉತ್ತರ ಹೇಳಬಲ್ಲ ಸಾಧ್ಯತೆಯಾದರೂ ಇದೆ. ಇಂಗ್ಲಿಷ್ ಗ್ರಂಥಗಳನ್ನು ಓದಲೇಬೇಕು; ಬರೆಯುವುದು ತಾನು ಯೋಚಿಸುವ ಭಾಷೆಯಲ್ಲಿರಲಿ ಎಂಬುದು ನಮ್ಮ ಅಭಿಪ್ರಾಯ.

ಈ ರೋಗದ ಬೇರು ಸಂಶೋಧನೆಯ ಹಂತದಲ್ಲಿಲ್ಲ, ಬಿ.ಎ. ತರಗತಿಯಲ್ಲಿದೆ. ರಾಜ್ಯವೆಂದರೇನು ಎಂಬುದಕ್ಕೆ ಗಾರ್ನರ್ ಹೇಳಿದ ವ್ಯಾಖ್ಯೆ, ಲಾಸ್ಕಿ ಹೇಳಿದ ವ್ಯಾಖ್ಯೆ. ಪ್ಲೇಟೋವಿನಿಂದ ಮಾರ್ಕ್ಸ್‌ವರೆಗೆ ಒಬ್ಬೊಬ್ಬರಿಗೆ ಎರಡು ಪುಟ. ಸಂವಿಧಾನದ ವಿಧಿಗಳ ಸಂಖ್ಯೆಗಳು. ವಿದ್ಯಾರ್ಥಿ ಇವನ್ನು ಪ್ರಶ್ನೋತ್ತರ ಮಾಲಿಕೆಯಿಂದ ಬಾಯಿಪಾಠ ಮಾಡಿ ಉತ್ತೀರ್ಣನಾಗುತ್ತಾನೆ. ಬಾಯಿಪಾಠವನ್ನು ನಾವು ಹಳಿಯುವುದಿಲ್ಲ, ಆ ಪರಂಪರೆಯಲ್ಲಿಯೇ ಬೆಳೆದವರು ನಾವು. ಆದರೆ ಪಾಠಶಾಲೆಯಲ್ಲಿ ಬಾಯಿಪಾಠದ ಬೆನ್ನಿಗೆ ವಾಕ್ಯಾರ್ಥ ಇರುತ್ತಿತ್ತು. ಕಾಲೇಜಿನಲ್ಲಿ ಬಾಯಿಪಾಠ ಉಳಿದು ವಾಕ್ಯಾರ್ಥ ಹೋಗಿದೆ.

ಕೇಶವಾನಂದ ಭಾರತಿ ಮೊಕದ್ದಮೆಯನ್ನೇ ತೆಗೆದುಕೊಳ್ಳೋಣ. ಸಂವಿಧಾನದ ಮೂಲರಚನೆಯನ್ನು ಸಂಸತ್ತು ಬದಲಿಸುವಂತಿಲ್ಲವೆಂಬ ಒಂದು ಸಾಲನ್ನು ಎಲ್ಲ ವಿದ್ಯಾರ್ಥಿಗಳೂ ಬರೆಯುತ್ತಾರೆ. ಆ ಹೆಸರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳದೆಂದು, ಕೇರಳ ಸರ್ಕಾರದ ಭೂಸುಧಾರಣೆಯ ಕಾಯಿದೆಗಳನ್ನು ಪ್ರಶ್ನಿಸಿ ಅವರು ನ್ಯಾಯಾಲಯಕ್ಕೆ ಹೋದರೆಂದು ಎಷ್ಟು ಜನ ಬಲ್ಲರು? ೧೯೭೩ರ ಏಪ್ರಿಲ್ ೨೪ರಂದು ೧೩ ನ್ಯಾಯಮೂರ್ತಿಗಳ ಪೀಠವು ೭ಕ್ಕೆ ೬ ಮತಗಳಿಂದ ಮೂಲರಚನೆಯ ತತ್ತ್ವವನ್ನು ಸಾರಿತು. ಆದರೆ ಆ ಭೂಕಾಯಿದೆಗಳಿಗೆ ರಕ್ಷಣೆ ನೀಡಿದ ೨೯ನೆಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೀಗೆ ಯಾರ ಹೆಸರಿನಲ್ಲಿ ಆ ತೀರ್ಪು ಪ್ರಸಿದ್ಧವಾಗಿದೆಯೋ ಅವರಿಗೆ ಅವರು ಕೇಳಿದ ಪರಿಹಾರ ದೊರೆಯಲಿಲ್ಲ. ಇದನ್ನು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿ ತಾನಾಗಿಯೇ ಕೇಳುತ್ತಾನೆ: ಸೋತವರ ಮೊಕದ್ದಮೆಯಿಂದ ಇಷ್ಟು ದೊಡ್ಡ ತತ್ತ್ವ ಹುಟ್ಟಿದ್ದು ಹೇಗೆ? ಒಂದೇ ಮತದ ಅಂತರವಿದ್ದಾಗ ಅದು ಉಳಿದುಕೊಂಡದ್ದು ಹೇಗೆ?

ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಂತೂ ನಮ್ಮ ನಾಡಿನದೇ. ೧೯೮೯ರ ಏಪ್ರಿಲ್‌ನಲ್ಲಿ ೧೯ ಶಾಸಕರ ಪತ್ರಗಳು ರಾಜ್ಯಪಾಲರಿಗೆ ಸಲ್ಲಿಕೆಯಾದವು. ಆಮೇಲೆ ಅವರಲ್ಲಿ ೭ ಜನ ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿತ್ತೆಂದು ಬರೆದುಕೊಟ್ಟರು. ಮುಖ್ಯಮಂತ್ರಿಗಳು ಸದನದಲ್ಲಿ ಬಹುಮತ ತೋರಿಸುತ್ತೇನೆಂದರು. ಆದರೂ ಏಪ್ರಿಲ್ ೨೧ರಂದು ರಾಷ್ಟ್ರಪತಿ ಆಡಳಿತ ಜಾರಿಯಾಯಿತು. ಬಹುಮತವನ್ನು ಅಳೆಯಬೇಕಾದ ಸ್ಥಳ ರಾಜಭವನವಲ್ಲ, ಸದನ ಎಂಬ ತೀರ್ಪು ಬರುವ ಹೊತ್ತಿಗೆ ೧೯೯೪ರ ಮಾರ್ಚ್ ೧೧ ಆಗಿತ್ತು. ಆ ಮೂರು ದಿನಗಳ ಘಟನೆಗಳನ್ನು ತಾರೀಖಿನ ಪ್ರಕಾರ ಹಲಗೆಯ ಮೇಲೆ ಬರೆದು, 'ನೀವು ರಾಜ್ಯಪಾಲರಾಗಿದ್ದರೆ ಏನು ಮಾಡುತ್ತಿದ್ದಿರಿ?' ಎಂದು ಕೇಳಿದರೆ ಸಾಕು, ೩೫೬ನೆಯ ವಿಧಿಯನ್ನು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಹೀಗೆ ಪಾಠ ಹೇಳುವ ಅಧ್ಯಾಪಕರು ಇಲ್ಲವೆಂದಲ್ಲ. ಇಬ್ಬರು ಮೂವರನ್ನು ನಾವು ಬಲ್ಲೆವು, ಅವರ ವಿದ್ಯಾರ್ಥಿಗಳನ್ನು ಮಾತನಾಡಿಸಿದಾಗಲೇ ಗುರುತು ಸಿಗುತ್ತದೆ. ಪಂಚಾಯತಿಯ ಜಮಾಬಂದಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಕೂರಿಸಲು ಸರ್ಕಾರದ ಸುತ್ತೋಲೆಗಾಗಿ ಕಾಯಬೇಕಾಗಿಯೂ ಇಲ್ಲ.

ಇಷ್ಟಾಗಿಯೂ ಅಧ್ಯಾಪಕರ ಕಷ್ಟವನ್ನು ಅರಿಯದೆ ಬರೆಯುವುದು ಸಲ್ಲದು. ೨೦೧೦ರ ನಿಯಮಗಳಿಂದ ಬಡ್ತಿಗೆ ಅಂಕಗಳನ್ನು ಎಣಿಸುವ ಪದ್ಧತಿ ಬಂದಿತು. ಎಷ್ಟು ವಿದ್ಯಾರ್ಥಿಗಳಿಗೆ ಡಾಕ್ಟರೇಟ್ ಕೊಡಿಸಿದಿರಿ ಎಂಬುದೂ ಆ ಎಣಿಕೆಯಲ್ಲಿ ಸೇರಿತು. ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಡಾಕ್ಟರೇಟ್ ಕಡ್ಡಾಯವೆಂದು ೨೦೧೮ರಲ್ಲಿ ಹೇಳಿ, ೨೦೨೧ರಲ್ಲಿ ಜಾರಿಗೆ ಬರಬೇಕಾದುದನ್ನು ಮುಂದೂಡಿ, ೨೦೨೩ರಲ್ಲಿ ಅದನ್ನು ಐಚ್ಛಿಕವಾಗಿಸಿದರು. ಈ ನಡುವೆ ಪದವಿಯ ಬೆನ್ನು ಹತ್ತಿದವರಲ್ಲಿ ಬಹುಮಂದಿ ಅತಿಥಿ ಉಪನ್ಯಾಸಕರು. ಬೆಳಗ್ಗೆ ಒಂದು ಊರಿನಲ್ಲಿ ಪಾಠ, ಮಧ್ಯಾಹ್ನ ಇನ್ನೊಂದು ಊರಿನಲ್ಲಿ. ವರ್ಷದ ಕೆಲವು ತಿಂಗಳು ಸಂಬಳವೇ ಇಲ್ಲ. ಇಂಥವನಿಗೆ ಪ್ರಬಂಧವೆಂಬುದು ಜ್ಞಾನದ ಮಾತಾಗಿ ಉಳಿಯದೆ ಹೊಟ್ಟೆಯ ಮಾತಾಗುವುದನ್ನು ನಾವು ಬಲ್ಲೆವು. ಹಾಗೆಂದು ಅವನಿಗೆ ಹಗುರವಾದ ಪ್ರಬಂಧ ಸಾಕೆಂದು ಬಿಡುವುದು ಕರುಣೆಯಾಗುವುದಿಲ್ಲ. ಐದಾರು ವರ್ಷ ಕಳೆದ ಮೇಲೆ ಅವನ ಕೈಯಲ್ಲಿ ಉಳಿಯುವುದು ಯಾರೂ ತೆರೆದು ನೋಡದ ಒಂದು ರಟ್ಟಿನ ಪುಸ್ತಕ. ಸಂದರ್ಶನದಲ್ಲಿ ಅದರ ಬಗ್ಗೆ ಒಂದು ಪ್ರಶ್ನೆ ಬಂದರೆ ಅವನು ತಲೆ ತಗ್ಗಿಸುತ್ತಾನೆ.

೨೦೨೨ರ ನಿಯಮಾವಳಿಯ ಪ್ರಕಾರ ಪ್ರಾಧ್ಯಾಪಕರಿಗೆ ೮, ಸಹ ಪ್ರಾಧ್ಯಾಪಕರಿಗೆ ೬, ಸಹಾಯಕ ಪ್ರಾಧ್ಯಾಪಕರಿಗೆ ೪ ಸಂಶೋಧನಾರ್ಥಿಗಳು ಮಿತಿ. ಪ್ರತಿ ಅರ್ಧವರ್ಷಕ್ಕೆ ಸಲಹಾ ಸಮಿತಿಯ ಮುಂದೆ ವಿದ್ಯಾರ್ಥಿ ತನ್ನ ಕೆಲಸವನ್ನು ಮಂಡಿಸಬೇಕು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ನಡೆಯುವುದು ಸಹಿಗಳ ಸಂಗ್ರಹ. ಕೊನೆಯ ಮೌಖಿಕ ಪರೀಕ್ಷೆಯಂತೂ ಸನ್ಮಾನ ಸಮಾರಂಭವಾಗಿದೆ: ಹಾರ, ಶಾಲು, ಹಣ್ಣಿನ ಬುಟ್ಟಿ, ಊಟ. ಪರೀಕ್ಷಕರಿಗೆ ವಾಹನವನ್ನೂ ವಸತಿಯನ್ನೂ ಒದಗಿಸುವ ಭಾರ ವಿದ್ಯಾರ್ಥಿಯ ಮೇಲೆ ಬೀಳುವುದೆಂದು ಕೇಳಿದ್ದೇವೆ. ಮಾರ್ಗದರ್ಶಕರ ಮನೆಯ ಕೆಲಸ, ಅವರ ಮಕ್ಕಳ ಮದುವೆಯ ಓಡಾಟ, ಇವುಗಳಿಗೂ ಸಂಶೋಧನಾರ್ಥಿಯೇ. ಇದನ್ನು ಕೇಳಿದಾಗ ಕೆಲವರು ಗುರುಸೇವೆಯೆಂಬ ಮಾತನ್ನು ಮುಂದಿಡುತ್ತಾರೆ. ಗುರು ಎಂಬ ಶಬ್ದದ ಹೆಸರಿನಲ್ಲಿ ಬದುಕುತ್ತಿರುವ ಸಂಸ್ಥೆಯಲ್ಲಿ ಕುಳಿತಿರುವುದರಿಂದ ಇದನ್ನು ಹೇಳುವ ಅಧಿಕಾರ ನಮಗಿದೆ: ಪಾಠ ಹೇಳದವನಿಗೆ ಮಾಡುವ ಸೇವೆಯನ್ನು ಯಾವ ಶಾಸ್ತ್ರವೂ ಗುರುಸೇವೆಯೆಂದು ಕರೆದಿಲ್ಲ. ಸಂಶೋಧನೆಗೆ ಬರುವ ಹೆಣ್ಣುಮಕ್ಕಳ ಮಟ್ಟಿಗೆ ಈ ಅವಲಂಬನೆ ಎಷ್ಟು ಅಪಾಯಕರವೆಂಬುದನ್ನು ಪಾಲಕರೂ ವಿಶ್ವವಿದ್ಯಾಲಯಗಳೂ ಗಂಭೀರವಾಗಿ ಆಲೋಚಿಸಬೇಕು.

ಕೊನೆಯದಾಗಿ, ನಮಗೆ ನೇರವಾಗಿ ಸಂಬಂಧಿಸಿದ ಒಂದು ಬಗೆಯ ಪ್ರಬಂಧಗಳ ವಿಚಾರ. 'ಮಠಗಳು ಮತ್ತು ಕರ್ನಾಟಕದ ರಾಜಕಾರಣ' ಎಂಬಂತಹ ಶೀರ್ಷಿಕೆಗಳನ್ನು ಹೊತ್ತು ಸಂಶೋಧನಾರ್ಥಿಗಳು ಮಠಗಳಿಗೆ ಬರುತ್ತಾರೆ. ಪಾದಮುಟ್ಟಿ ನಮಸ್ಕರಿಸಿ, ಸಂಸ್ಮರಣ ಗ್ರಂಥಗಳನ್ನು ಪಡೆದು, ಪ್ರಸಾದ ಸ್ವೀಕರಿಸಿ ಹೋಗುತ್ತಾರೆ. ಆರು ತಿಂಗಳ ಮೇಲೆ ಆ ಸಂಸ್ಮರಣ ಗ್ರಂಥದ ಹೊಗಳಿಕೆಯ ಮಾತುಗಳೇ ಒಂದು ಅಧ್ಯಾಯವಾಗಿ ಕಾಣಿಸಿಕೊಳ್ಳುತ್ತವೆ. ಮಠಕ್ಕೆ ಇದರಿಂದ ಸಂತೋಷವಾದೀತೆಂದು ಅವರು ಭಾವಿಸಿದ್ದಾ‌ರೆ. ಚುನಾವಣೆಯ ಹೊತ್ತಿನಲ್ಲಿ ಮಠಗಳಿಗೆ ಯಾರು ಬರುತ್ತಾರೆ, ಏಕೆ ಬರುತ್ತಾರೆ, ಬಂದವರು ಗೆಲ್ಲುತ್ತಾರೆಯೇ. ಸರ್ಕಾರದ ಅನುದಾನ ಯಾವ ಮಠದ ಶಾಲೆಗಳಿಗೆ ಯಾವ ವರ್ಷ ಎಷ್ಟು ಬಂದಿತು. ಸ್ವಾಮಿಗಳು ಹೇಳಿದಂತೆ ಭಕ್ತರು ಮತ ಹಾಕುತ್ತಾರೆಂಬ ಮಾತು ನಿಜವೇ ಅಥವಾ ಎರಡೂ ಕಡೆಯವರಿಗೆ ಅನುಕೂಲವಾದ ಒಂದು ನಂಬಿಕೆಯೇ? ಇವು ಪ್ರಶ್ನೆಗಳು. ಇವನ್ನು ನಮ್ಮನ್ನು ಕೇಳಿದವರು ಇದುವರೆಗೆ ಯಾರೂ ಇಲ್ಲ. ಕೇಳಿದರೆ ಸ್ವಾಮಿಗಳು ಮುನಿದಾರೆಂದು ಮಾರ್ಗದರ್ಶಕರೇ ತಡೆಯುತ್ತಾರೆಂದು ತಿಳಿದಾಗ ನಮಗೆ ನಗುವೂ ಬಂದಿತು, ಖೇದವೂ ಆಯಿತು.

ಶ್ರೀಮಠದ ಪ್ರಸಾದನಿಲಯದ ಪ್ರವೇಶದ ದಾಖಲೆ ಪುಸ್ತಕಗಳು ಕಚೇರಿಯಲ್ಲಿ ಭದ್ರವಾಗಿವೆ. ಯಾವ ವರ್ಷ, ಯಾವ ತಾಲ್ಲೂಕಿನಿಂದ, ಯಾವ ಜಾತಿಯ, ಯಾವ ಕಸುಬಿನ ಮನೆಯ ಹುಡುಗರು ಬಂದರೆಂಬುದು ಅವುಗಳಲ್ಲಿದೆ. ೧೯೮೭ರಲ್ಲಿ ಮಂಡಲ ಪಂಚಾಯತಿಗಳಿಗೂ ಜಿಲ್ಲಾ ಪರಿಷತ್ತಿಗೂ ಆರಿಸಿ ಬಂದ ಈ ಭಾಗದ ಸದಸ್ಯರಲ್ಲಿ ಎಷ್ಟು ಮಂದಿ ಆ ಪಟ್ಟಿಯಲ್ಲಿದ್ದಾರೆ, ಉಚಿತ ಅನ್ನ ಮತ್ತು ವಸತಿ ಹಳ್ಳಿಯ ಹೊಸ ನಾಯಕರನ್ನು ತಯಾರಿಸಿತೇ ಅಥವಾ ಹಳೆಯ ಮನೆತನಗಳ ಮಕ್ಕಳನ್ನೇ ಮತ್ತೆ ಮೇಲೇರಿಸಿತೇ ಎಂದು ಯಾರಾದರೂ ವಿಚಾರಿಸಬಹುದು. ಉತ್ತರ ನಮಗೆ ಅಪ್ರಿಯವಾಗಿದ್ದರೂ ಪ್ರಕಟಿಸಲು ಅಡ್ಡಿಯಿಲ್ಲ. ಪುಸ್ತಕಗಳನ್ನು ಕಚೇರಿಯ ವೇಳೆಯಲ್ಲಿ ಅಲ್ಲಿಯೇ ಕುಳಿತು ನೋಡಬೇಕು, ಹೊರಗೆ ಒಯ್ಯುವಂತಿಲ್ಲ. ಅದರೊಳಗೆ ಹೆಸರಿರುವವರ ಮರ್ಯಾದೆಗೆ ಧಕ್ಕೆಯಾಗದಂತೆ ಹೆಸರುಗಳನ್ನು ಬಿಟ್ಟು ಬರೆಯಬೇಕು. ಬರುವವರು ಮಾರ್ಗದರ್ಶಕರ ಪತ್ರವನ್ನು ತರತಕ್ಕದ್ದು, ಆ ಪತ್ರದಲ್ಲಿ ಪ್ರಬಂಧದ ಶೀರ್ಷಿಕೆಗೆ ಬದಲಾಗಿ ಪ್ರಬಂಧದ ಪ್ರಶ್ನೆಯನ್ನು ಬರೆದಿರತಕ್ಕದ್ದು.